ಬಾಡಿಗೆಯೂ ಶುಶ್ರೂಷೆಯೂ: ಅಮೆರಿಕಾದಲ್ಲಿ ಅಂಗವಿಕಲರ ವಸತಿಗೆ ಸಾರ್ವಜನಿಕ ಧನಸಹಾಯ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪೈಕಿ ಒಂದಾದ ಜಾರ್ಜಿಯಾದಲ್ಲಿ ಲೋಯಿಸ್ ಕರ್ಟಿಸ್ ಎಂಬ ಮಹಿಳೆಯನ್ನು 1992ನೆಯ ಇಸವಿಯ ಮೇ ತಿಂಗಳಲ್ಲಿ ಸರ್ಕಾರಿ ಮಾನಸಿಕ ಚಿಕಿತ್ಸಾಲಯವೊಂದಕ್ಕೆ ಸೇರಿಸಲಾಯಿತು. ಆಕೆಗೆ ಬುದ್ಧಿಯ ಬೆಳವಣಿಗೆಯ ಕೊರತೆಯೊಡನೆ ಮನೋರೋಗವೂ ಇದ್ದಿತು. ಒಂದು ವರ್ಷದಲ್ಲಿ ಆಕೆಯ ಸ್ಥಿತಿ ನೆಟ್ಟಗಾಯಿತು. ಸಮಾಜದ ನಡುವೆಯೇ ಆಕೆಗೆ ಬೇಕಾದ ನೆರವನ್ನು ಒದಗಿಸಬಹುದೆಂದು ಚಿಕಿತ್ಸೆ ನೀಡುತ್ತಿದ್ದವರೇ ಒಪ್ಪಿದರು. ಹಾಗಿದ್ದರೂ ಆಕೆ ಹೊರಗೆ ಬಂದುದು 1996ರ ಫೆಬ್ರವರಿಯಲ್ಲಿ. ಇದಕ್ಕೂ ಮೊದಲೇ ಆಕೆ ಹೂಡಿದ್ದ, ಮುಂದೆ ಎಲೇನ್ ವಿಲ್ಸನ್ ಎಂಬ ಮತ್ತೊಬ್ಬ ಮಹಿಳೆಯೂ ಸೇರಿಕೊಂಡ ಮೊಕದ್ದಮೆಯಲ್ಲಿ 1999ರ ಜೂನ್ 22ರಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿತು. ಅಗತ್ಯವಿಲ್ಲದೆ ಅಂಗವಿಕಲರನ್ನು ಸಂಸ್ಥೆಗಳಲ್ಲಿ ಪ್ರತ್ಯೇಕಿಸಿ ಇಡುವುದು 1990ರ ಅಂಗವಿಕಲರ ಶಾಸನವು ನಿಷೇಧಿಸಿರುವ ಭೇದಭಾವವೇ ಆಗುತ್ತದೆ ಎಂಬುದು ಇದರ ಸಾರ. ಓಮ್‌ಸ್ಟೆಡ್ ತೀರ್ಪೆಂದು ಇದು ಪ್ರಸಿದ್ಧವಾಗಿದೆ.

ವೈದ್ಯರ ಒಪ್ಪಿಗೆ ದೊರೆತ ಮೇಲೂ ಒಬ್ಬರನ್ನು ಎರಡೂವರೆ ವರ್ಷಗಳಿಗೂ ಮಿಕ್ಕಿ ಒಳಗೆ ಉಳಿಸಿದ ಶಕ್ತಿ ಯಾವುದು? ಅಧಿಕಾರಿಗಳ ಕಾಠಿಣ್ಯವೊಂದನ್ನೇ ಕಾರಣವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಆಯವ್ಯಯದ ಇತಿಹಾಸವನ್ನು ಪರಿಶೀಲಿಸಿದರೆ ಬೇರೆಯೇ ಒಂದು ಸಂಗತಿ ಗೋಚರಿಸುತ್ತದೆ. ಸಾರ್ವಜನಿಕ ಹಣವು ಬಹುಕಾಲ ಮನುಷ್ಯನನ್ನು ಅನುಸರಿಸದೆ ಕಟ್ಟಡವನ್ನು ಅನುಸರಿಸಿತು. ಈ ಸಂಗತಿಯನ್ನೇ ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ಮೊದಲು ಒಂದು ಪದದ ಅರ್ಥವನ್ನು ನಿಶ್ಚಯಿಸಿಕೊಳ್ಳಬೇಕು. ಸಹಾಯಸಹಿತ ವಸತಿಯೆಂದರೆ ಅನಾಥಾಲಯವೂ ಅಲ್ಲ, ಆಸ್ಪತ್ರೆಯೂ ಅಲ್ಲ. ಅದು ಸಾಧಾರಣವಾದ ಬಾಡಿಗೆಯ ಮನೆ. ಕರಾರುಪತ್ರವು ಅಂಗವಿಕಲನ ಹೆಸರಿನಲ್ಲಿಯೇ ಇರುತ್ತದೆ. ಸ್ನಾನಕ್ಕೆ, ಅಡಿಗೆಗೆ, ಔಷಧಿಯನ್ನು ವೇಳೆಗೆ ಸರಿಯಾಗಿ ತೆಗೆದುಕೊಳ್ಳುವುದಕ್ಕೆ ಬೇಕಾದ ನೆರವು ಆ ಮನೆಗೆ ನಡೆದು ಬರುತ್ತದೆ. ಹೀಗಾಗಿ ಇದಕ್ಕೆ ಎರಡು ಬಗೆಯ ಹಣ ಬೇಕು: ಸೂರಿಗೆ ಒಂದು, ಶುಶ್ರೂಷೆಗೆ ಒಂದು. ಸಂಸ್ಥೆಯಲ್ಲಿ ಇವೆರಡೂ ಒಂದೇ ಲೆಕ್ಕದಲ್ಲಿ ಅಡಗಿರುತ್ತವೆ. ಹೊರಗೆ ಬಂದೊಡನೆ ಬೇರೆಬೇರೆಯಾಗುತ್ತವೆ. ಸಮಸ್ಯೆಯ ಮೂಲವಿರುವುದು ಇಲ್ಲಿಯೇ.

1955ರ ಸುಮಾರಿಗೆ ಆ ದೇಶದ ಸರ್ಕಾರಿ ಮಾನಸಿಕ ಚಿಕಿತ್ಸಾಲಯಗಳಲ್ಲಿ ಸುಮಾರು 5,59,000 ಜನರಿದ್ದರು. ಅವರ ವೆಚ್ಚವನ್ನು ಬಹುಮಟ್ಟಿಗೆ ಆಯಾ ಸಂಸ್ಥಾನಗಳ ಬೊಕ್ಕಸಗಳೇ ಹೊರುತ್ತಿದ್ದುವು. ಅಧ್ಯಕ್ಷ ಕೆನೆಡಿಯವರು 1963ರ ಅಕ್ಟೋಬರ್ 31ರಂದು ಅಂಕಿತ ಹಾಕಿದ ಶಾಸನವು ಊರೂರುಗಳಲ್ಲಿ ಮಾನಸಿಕ ಆರೋಗ್ಯ ಕೇಂದ್ರಗಳನ್ನು ಸ್ಥಾಪಿಸಲು ಹಣ ಒದಗಿಸಿತು. ಆದರೆ ಯೋಜಿಸಿದಷ್ಟು ಕೇಂದ್ರಗಳು ಏಳಲಿಲ್ಲ. ಎದ್ದವೂ ಚಿಕಿತ್ಸೆಗಾಗಿಯೇ ಹೊರತು ವಾಸಕ್ಕಾಗಿ ಅಲ್ಲ. 1965ರಲ್ಲಿ ಬಡವರ ವೈದ್ಯಕೀಯ ವೆಚ್ಚಕ್ಕಾಗಿ ಮೆಡಿಕೇಡ್ ಎಂಬ ವ್ಯವಸ್ಥೆಯು ಜಾರಿಗೆ ಬಂದಿತು. ಇದರಲ್ಲಿ ಕೇಂದ್ರ ಸರ್ಕಾರವೂ ಸಂಸ್ಥಾನಗಳೂ ವೆಚ್ಚವನ್ನು ಹಂಚಿಕೊಳ್ಳುತ್ತವೆ. ಆದರೆ ವಯಸ್ಕ ಮನೋರೋಗಿಗಳಿಗಾಗಿ ಇರುವ ದೊಡ್ಡ ಚಿಕಿತ್ಸಾಲಯಗಳಿಗೆ ಕೇಂದ್ರದ ಪಾಲು ದೊರೆಯುವಂತಿರಲಿಲ್ಲ. ನರ್ಸಿಂಗ್ ಹೋಮುಗಳಿಗೆ ದೊರೆಯುತ್ತಿದ್ದಿತು. ಪರಿಣಾಮವಾಗಿ ಸಹಸ್ರಾರು ಮಂದಿ ಒಂದು ಗೋಡೆಯ ಒಳಗಿನಿಂದ ಮತ್ತೊಂದು ಗೋಡೆಯ ಒಳಕ್ಕೆ ಸಾಗಿಸಲ್ಪಟ್ಟರು.

ಬುದ್ಧಿಮಾಂದ್ಯರ ವಿಷಯದಲ್ಲಿ ಮಾರ್ಗ ಬೇರೆಯಾದರೂ ಫಲ ಅದೇ. ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿದ್ದ ವಿಲೋಬ್ರೂಕ್ ಶಾಲೆಯು 4,000 ಜನರಿಗಾಗಿ ಕಟ್ಟಿದುದು. 1965ರಲ್ಲಿ ಅಲ್ಲಿ 6,000ಕ್ಕೂ ಮಿಕ್ಕಿ ಜನರಿದ್ದರು. 1971ರ ಶಾಸನದಿಂದ ಇಂತಹ ಸಂಸ್ಥೆಗಳಿಗೂ ಮೆಡಿಕೇಡ್ ಹಣ ದೊರೆಯತೊಡಗಿತು. ಗುಣಮಟ್ಟವನ್ನು ಸುಧಾರಿಸುವುದೇ ಅದರ ಉದ್ದೇಶ. ಆದರೆ ಹಣ ಪಡೆಯಬೇಕಾದರೆ ವ್ಯಕ್ತಿಯು ಸಂಸ್ಥೆಯಲ್ಲಿಯೇ ಇರಬೇಕೆಂಬ ನಿಬಂಧನೆಯು ಅದರೊಡನೆಯೇ ಬಂದಿತು. ವಿಲೋಬ್ರೂಕಿನ ದುರವಸ್ಥೆ 1972ರಲ್ಲಿ ದೂರದರ್ಶನದ ಮೂಲಕ ಲೋಕಕ್ಕೆ ತಿಳಿಯಿತು. 1975ರಲ್ಲಿ ನ್ಯಾಯಾಲಯದಲ್ಲಿ ರಾಜಿಯ ಒಪ್ಪಂದವಾಯಿತು. 1987ರಲ್ಲಿ ಅದು ಮುಚ್ಚಿತು.

ಈ ನಿಬಂಧನೆಯ ಕಟ್ಟು ಮೊದಲು ಸಡಿಲಿದುದು 1981ರಲ್ಲಿ. ಆ ವರ್ಷದ ಶಾಸನವು, ಸಂಸ್ಥೆಗೆ ಸೇರಲು ಅರ್ಹರಾದವರಿಗೆ ಮನೆಯಲ್ಲಿಯೇ ಶುಶ್ರೂಷೆ ಒದಗಿಸಲು ಮೆಡಿಕೇಡ್ ಹಣವನ್ನು ಬಳಸಬಹುದೆಂದು ಸಂಸ್ಥಾನಗಳಿಗೆ ಅನುಮತಿ ನೀಡಿತು. ಆದರೆ ಅದರಲ್ಲಿ ಎರಡು ಮಿತಿಗಳಿದ್ದುವು. ಅವು ಇಂದಿಗೂ ಉಂಟು. ಮೊದಲನೆಯದು, ಊಟ ಮತ್ತು ವಸತಿಯ ವೆಚ್ಚವನ್ನು ಇದರಿಂದ ಭರಿಸುವಂತಿಲ್ಲ. ವೈದ್ಯಕೀಯ ನಿಧಿಯಿಂದ ಬಾಡಿಗೆ ಕೊಡಲಾಗದೆಂಬುದು ಇದರ ತರ್ಕ. ಆದರೆ ಅದೇ ವ್ಯಕ್ತಿ ನರ್ಸಿಂಗ್ ಹೋಮಿನಲ್ಲಿದ್ದರೆ ಅವನ ಅನ್ನಕ್ಕೂ ಸೂರಿಗೂ ಅದೇ ನಿಧಿಯೇ ಹಣ ಕೊಡುತ್ತದೆಂಬುದನ್ನು ಗಮನಿಸಬೇಕು. ಎರಡನೆಯದು, ನರ್ಸಿಂಗ್ ಹೋಮಿನ ಶುಶ್ರೂಷೆಯನ್ನು ಅರ್ಹರೆಲ್ಲರಿಗೂ ಸಂಸ್ಥಾನವು ಒದಗಿಸಲೇಬೇಕು. ಈ ಹೊಸ ಅನುಮತಿಯ ನೆರವಿಗಾದರೋ ಸಂಖ್ಯೆಯ ಮಿತಿಯನ್ನು ಹಾಕಬಹುದು. ಮಿತಿ ಮೀರಿದವರು ಸರದಿಯಲ್ಲಿ ಕಾಯಬೇಕು. ಸಂಸ್ಥೆಯು ಹಕ್ಕಾಯಿತು, ಮನೆಯು ಅನುಗ್ರಹವಾಯಿತು.

ಹಾಗಾದರೆ ಬಾಡಿಗೆಯ ಹಣ ಎಲ್ಲಿಂದ ಬರಬೇಕು? 1972ರಲ್ಲಿ ವಿಧಿಸಿ 1974ರಲ್ಲಿ ಆರಂಭವಾದ ಮಾಸಾಶನವೊಂದು ಬಡ ಅಂಗವಿಕಲರಿಗೆ ಉಂಟು. 2025ರಲ್ಲಿ ಒಬ್ಬ ವ್ಯಕ್ತಿಗೆ ಕೇಂದ್ರವು ಕೊಡುತ್ತಿದ್ದ ಪರಮಾವಧಿ ಮೊತ್ತ ತಿಂಗಳಿಗೆ 967 ಡಾಲರು. ಇದರಲ್ಲಿಯೇ ಅನ್ನ, ಬಟ್ಟೆ, ಬಾಡಿಗೆ ಎಲ್ಲವೂ ಆಗಬೇಕು. ದೊಡ್ಡ ನಗರಗಳಲ್ಲಿ ಬಾಡಿಗೆಯೊಂದಕ್ಕೇ ಇದು ಸಾಲದು. ಆದುದರಿಂದ ವಸತಿ ಇಲಾಖೆಯ ಕಡೆಗೆ ತಿರುಗಬೇಕಾಯಿತು. 1959ರಲ್ಲಿ ವೃದ್ಧರ ಮನೆಗಳಿಗಾಗಿ ಏರ್ಪಟ್ಟ ಯೋಜನೆಯು 1964ರಲ್ಲಿ ಅಂಗವಿಕಲರಿಗೂ ವಿಸ್ತರಿಸಿತು. 1990ರ ವಸತಿ ಶಾಸನದ 811ನೆಯ ವಿಭಾಗವು ಅವರಿಗೆ ಪ್ರತ್ಯೇಕ ಯೋಜನೆಯನ್ನು ನಿರ್ಮಿಸಿತು. ಲಾಭಾಪೇಕ್ಷೆಯಿಲ್ಲದ ಸಂಘಗಳಿಗೆ ಮನೆ ಕಟ್ಟಲು ಮೂಲಧನ ಕೊಡಲಾಯಿತು. ಆ ಮನೆಗಳು 40 ವರ್ಷ ಬಡ ಅಂಗವಿಕಲರಿಗೇ ಮೀಸಲಾಗಿದ್ದರೆ ಆ ಹಣವನ್ನು ಹಿಂದಿರುಗಿಸಬೇಕಾಗಿಲ್ಲ. ನಿವಾಸಿಯು ತನ್ನ ಆದಾಯದ ಸುಮಾರು ಶೇಕಡ 30ರಷ್ಟನ್ನು ಕೊಡುತ್ತಾನೆ. ಮೇಲಿನ ಮಾಸಾಶನವೊಂದೇ ಆಧಾರವಾಗಿದ್ದವನ ಪಾಲಿಗೆ ಅದು 290 ಡಾಲರುಗಳನ್ನು ಮೀರದು. ಉಳಿದುದು ಸರ್ಕಾರದ ಹೊಣೆ.

2011ರ ಜನವರಿಯಲ್ಲಿ ಈ ಯೋಜನೆಗೆ ಮಹತ್ವದ ತಿದ್ದುಪಡಿಯಾಯಿತು. ಅದರಂತೆ ಸಾಮಾನ್ಯ ವಸತಿ ಸಮುಚ್ಚಯಗಳಲ್ಲಿಯೇ ಕೆಲವು ಮನೆಗಳಿಗೆ ಬಾಡಿಗೆಯ ನೆರವು ಕೊಡಬಹುದು. ಆದರೆ ಒಂದು ಸಮುಚ್ಚಯದಲ್ಲಿ ಶೇಕಡ 25ಕ್ಕಿಂತ ಹೆಚ್ಚು ಮನೆಗಳನ್ನು ಹೀಗೆ ಮೀಸಲಿಡಬಾರದು. ಇಲ್ಲದಿದ್ದರೆ ಹೊಸ ಕಟ್ಟಡವೇ ಹಳೆಯ ಸಂಸ್ಥೆಯಾಗಿಬಿಡುವ ಭಯವುಂಟು. ಇದಕ್ಕಿಂತಲೂ ಮುಖ್ಯವಾದುದು, ಈ ಹಣ ಬೇಡುವ ವಸತಿ ಇಲಾಖೆಯು ಆ ಸಂಸ್ಥಾನದ ಮೆಡಿಕೇಡ್ ಇಲಾಖೆಯೊಡನೆ ಒಪ್ಪಂದ ಮಾಡಿಕೊಂಡಿರಬೇಕೆಂಬ ವಿಧಿ. ಬಾಡಿಗೆಯ ನಿಧಿಯೂ ಶುಶ್ರೂಷೆಯ ನಿಧಿಯೂ ಕೂಡಿ ನಡೆಯಬೇಕೆಂದು ಶಾಸನವೇ ಇಲ್ಲಿ ಆಜ್ಞಾಪಿಸಿತು.

ಈ ವೆಚ್ಚ ವ್ಯರ್ಥವೇ ಎಂಬ ಪ್ರಶ್ನೆಗೆ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಎಲ್ಲರೂ ಉದಾಹರಿಸುತ್ತಾರೆ. ಡೆನ್ನಿಸ್ ಕಲ್‌ಹೇನ್ ಮತ್ತು ಅವರ ಸಂಗಡಿಗರು ನ್ಯೂಯಾರ್ಕಿನಲ್ಲಿ ಸಹಾಯಸಹಿತ ವಸತಿ ಪಡೆದ, ತೀವ್ರ ಮನೋರೋಗವುಳ್ಳ 4,679 ನಿರ್ವಸತಿಕರ ದಾಖಲೆಗಳನ್ನು ಪರಿಶೀಲಿಸಿದರು. ಮನೆ ದೊರೆಯುವ ಮೊದಲು ಆಸ್ಪತ್ರೆ, ತಂಗುದಾಣ, ಸೆರೆಮನೆ ಇತ್ಯಾದಿಗಳಲ್ಲಿ ಒಬ್ಬೊಬ್ಬರಿಗೆ ವರ್ಷಕ್ಕೆ ಸುಮಾರು 40,000 ಡಾಲರು ವೆಚ್ಚವಾಗುತ್ತಿದ್ದಿತು. ವಸತಿ ದೊರೆತ ಮೇಲೆ ಇದು ಸುಮಾರು 16,000 ಡಾಲರಿನಷ್ಟು ಇಳಿಯಿತು. ವಸತಿಯ ವೆಚ್ಚವಾದರೋ ಸುಮಾರು 17,000. ಎಂದರೆ ವಸತಿಯ ವೆಚ್ಚದ ಬಹುಪಾಲು ಬೇರೆ ಕಡೆಯ ಉಳಿತಾಯದಿಂದ ಸರಿದೂಗಿತು. ಆದರೆ ಖರ್ಚು ಮಾಡುವುದು ವಸತಿ ಇಲಾಖೆ, ಉಳಿತಾಯ ಕಾಣುವುದು ಆಸ್ಪತ್ರೆಯ ಲೆಕ್ಕದಲ್ಲಿ. ಒಬ್ಬನ ಹೊಲಕ್ಕೆ ಹಾಯಿಸಿದ ನೀರು ಮತ್ತೊಬ್ಬನ ಹೊಲದಲ್ಲಿ ಬೆಳೆಯಾದಂತೆ. ಒಂದೊಂದು ಇಲಾಖೆಯೂ ತನ್ನ ಪುಟವನ್ನು ಮಾತ್ರ ಓದುವವರೆಗೆ ಈ ಲಾಭ ಯಾರ ಕಣ್ಣಿಗೂ ಬೀಳದು. ಮಿತವ್ಯಯವೊಂದನ್ನೇ ನೆಮ್ಮಿದ ವಾದ ದುರ್ಬಲವೆಂಬುದನ್ನೂ ಒಪ್ಪಬೇಕು. ಎಲ್ಲರ ವಿಷಯದಲ್ಲಿಯೂ ಉಳಿತಾಯವಾಗುವುದಿಲ್ಲ. ಉಳಿತಾಯವಾಗದವನಿಗೆ ಮನೆ ಬೇಡವೆಂದು ಹೇಳಲೂ ಬಾರದು.

2013ರ ವೇಳೆಗೆ ದೀರ್ಘಕಾಲದ ಶುಶ್ರೂಷೆಗಾಗಿ ಮೆಡಿಕೇಡ್ ಮಾಡುವ ವೆಚ್ಚದಲ್ಲಿ ಮನೆ ಮತ್ತು ಸಮಾಜದ ಪಾಲು ಸಂಸ್ಥೆಗಳ ಪಾಲನ್ನು ಮೊದಲ ಬಾರಿಗೆ ಮೀರಿತು. ಮೆಡಿಕೇಡ್ ಆರಂಭವಾಗಿ ಆಗ 48 ವರ್ಷಗಳು ಸಂದಿದ್ದುವು. ಓಮ್‌ಸ್ಟೆಡ್ ತೀರ್ಪು ಕೂಡ ಸಂಸ್ಥಾನದ ಬಳಿಯಿರುವ ಸಂಪನ್ಮೂಲಗಳನ್ನು ಗಮನಕ್ಕೆ ತೆಗೆದುಕೊಳ್ಳಬೇಕೆಂದು ಹೇಳಿದುದರಿಂದ, ಹಕ್ಕಿನ ಪ್ರಶ್ನೆಯು ಕೊನೆಗೆ ಆಯವ್ಯಯದ ಪ್ರಶ್ನೆಯಾಗಿಯೇ ನಿಂತಿದೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಶಾಸನದ 19ನೆಯ ವಿಭಾಗವೂ, ಕುಟುಂಬವಿಲ್ಲ, ಮನೆಯಿಲ್ಲ ಎಂಬ ಕಾರಣಮಾತ್ರದಿಂದ ಯಾರನ್ನೂ ಚಿಕಿತ್ಸಾಲಯದಲ್ಲಿ ಉಳಿಸಬಾರದೆಂದು ವಿಧಿಸುತ್ತದೆ. ಅದನ್ನು ಓದುವ ವಿದ್ಯಾರ್ಥಿಯು ಬಾಡಿಗೆ ಯಾವ ನಿಧಿಯಿಂದ, ಶುಶ್ರೂಷೆ ಯಾವ ನಿಧಿಯಿಂದ ಎಂಬ ಎರಡು ಪ್ರಶ್ನೆಗಳನ್ನು ಜೊತೆಯಲ್ಲಿಯೇ ಕೇಳಬೇಕು.

ಲೋಯಿಸ್ ಕರ್ಟಿಸ್ ಅವರು ಹೊರಗೆ ಬಂದ ಮೇಲೆ ಚಿತ್ರಕಲಾವಿದೆಯೆಂದು ಹೆಸರು ಪಡೆದರು. 2011ರ ಜೂನ್ ತಿಂಗಳಲ್ಲಿ ತಮ್ಮ ಚಿತ್ರವೊಂದನ್ನು ಅಧ್ಯಕ್ಷ ಒಬಾಮಾ ಅವರಿಗೆ ಶ್ವೇತಭವನದಲ್ಲಿ ಅರ್ಪಿಸಿದರು. 2022ರಲ್ಲಿ ತೀರಿಕೊಂಡರು.