ಹಾಡುವ ಭಾಷೆ, ಆಡುವ ಭಾಷೆ

ಎಂಟನೇ ತರಗತಿಯಲ್ಲಿ ‘ಶಬ್ದ’ ಪಾಠದ ದಿನ ಒಬ್ಬ ಹುಡುಗಿ ಕಂಪನದ ವ್ಯಾಖ್ಯೆಯನ್ನು ಎಲ್ಲೂ ತಡವರಿಸದೆ ಒಪ್ಪಿಸಿದಳು. ‘ಭೇಷ್’ ಎಂದೆ. ಪಾಠಯೋಜನೆಯಲ್ಲಿ ‘ಉದ್ದೇಶ ಈಡೇರಿದೆ’ ಎಂದೂ ಬರೆದೆ. ಮರುದಿನ “ಹಾಗಂದ್ರೆ ಏನಮ್ಮಾ?” ಎಂದರೆ ತಲೆ ತಗ್ಗಿಸಿ ನಿಂತಳು. ಅವಳ ಮನೆಮಾತು ಲಂಬಾಣಿ ಎಂದು ನನಗೆ ತಿಳಿದದ್ದು ಆಮೇಲೆ. ಆಗ ನೆನಪಾದದ್ದು ಅಮೆರಿಕದ ಗಾಯಕಿ ಲಿಂಡಾ ರಾನ್‌ಸ್ಟಾಟ್ ಅವರ ಬಾಲ್ಯ.

ಅವರು ಹುಟ್ಟಿದ್ದು 1946ರಲ್ಲಿ, ಮೆಕ್ಸಿಕೊ ಗಡಿಗೆ ಹತ್ತಿರದ ಟೂಸಾನ್ ನಗರದಲ್ಲಿ. ತಂದೆಯ ಕಡೆಯವರು ಮೆಕ್ಸಿಕೊದಿಂದ ಬಂದವರು. ಮನೆತನವೇ ಸಂಗೀತದ್ದು. ಅಜ್ಜ ಊರಿನಲ್ಲಿ ವಾದ್ಯವೃಂದ ಕಟ್ಟಿದ್ದರು. ಸೋದರತ್ತೆ ಲೂಯಿಸಾ ಎಸ್ಪಿನೆಲ್ ಮನೆತನದ ಸ್ಪ್ಯಾನಿಷ್ ಹಾಡುಗಳನ್ನು ಕೂಡಿಸಿ ಪುಸ್ತಕ ಮಾಡಿದ್ದರು. ತಂದೆ ಹಾರ್ಡ್‌ವೇರ್ ಅಂಗಡಿಯವರು, ಒಳ್ಳೆಯ ಹಾಡುಗಾರ ಕೂಡ. ಹಾಡು ಸ್ಪ್ಯಾನಿಷ್‌ನಲ್ಲಿ, ಮಕ್ಕಳೊಂದಿಗೆ ಮಾತು ಇಂಗ್ಲಿಷ್‌ನಲ್ಲಿ. ಸ್ಪ್ಯಾನಿಷ್ ಇರುವುದೇ ಹಾಡುವುದಕ್ಕೆ ಎಂದು ಚಿಕ್ಕಂದಿನಲ್ಲಿ ತಿಳಿದಿದ್ದಾಗಿ ಲಿಂಡಾ ಹೇಳಿಕೊಂಡಿದ್ದಾರೆ.

ಹಾಡಿನಲ್ಲಿ ರಾಗ, ಪ್ರಾಸ, ಪಲ್ಲವಿಗಳು ಪದಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತವೆ. ಎಳೆಯ ಕಿವಿ ಉಚ್ಚಾರವನ್ನು ಹಾಗೆಯೇ ಹಿಡಿದುಕೊಳ್ಳುತ್ತದೆ. ಆದರೆ ಹಾಡು ಪ್ರತಿ ಸಲ ಅದೇ ಕ್ರಮದಲ್ಲಿ ಬರುತ್ತದೆ, ಉತ್ತರ ಕೇಳುವುದಿಲ್ಲ. ಮಾತು ಹಾಗಲ್ಲ. ಎದುರಿನವರು ಅಂದದ್ದಕ್ಕೆ ಆ ಕ್ಷಣವೇ ಹೊಸ ವಾಕ್ಯ ಕಟ್ಟಬೇಕು. 1987ರಲ್ಲಿ ಲಿಂಡಾ ಮೆಕ್ಸಿಕೊದ ಹಾಡುಗಳ ಆಲ್ಬಮ್ ತಂದರು. ಸೋದರತ್ತೆಯ ಪುಸ್ತಕದ ಹೆಸರನ್ನೇ ಅದಕ್ಕೆ ಇಟ್ಟರು: ‘ಕಾನ್ಸಿಯೋನೆಸ್ ದೆ ಮಿ ಪಾದ್ರೆ’, ಅಂದರೆ ‘ನನ್ನ ತಂದೆಯ ಹಾಡುಗಳು’. ಅದು ಲಕ್ಷಗಟ್ಟಲೆ ಮಾರಾಟವಾಯಿತು. ಆದರೂ ಸ್ಪ್ಯಾನಿಷ್‌ನಲ್ಲಿ ಸರಾಗವಾಗಿ ಮಾತಾಡಲು ಅವರಿಗೆ ಬರುತ್ತಿರಲಿಲ್ಲ.

ಇದರಲ್ಲಿ ಮನೆಯ ಪಾಲಷ್ಟೇ ಅಲ್ಲ, ಶಾಲೆಯ ಪಾಲೂ ಇದೆ ಎನ್ನುವುದು ನನ್ನ ಅನಿಸಿಕೆ. ಆ ಕಾಲದಲ್ಲಿ ಅಮೆರಿಕದ ನೈಋತ್ಯ ಭಾಗದ ಎಷ್ಟೋ ಶಾಲೆಗಳಲ್ಲಿ ಸ್ಪ್ಯಾನಿಷ್ ಮಾತಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಇದು ತಪ್ಪು ಎಂದು ದನಿಯೆತ್ತಿದವರಲ್ಲಿ ಟೂಸಾನ್‌ನ ಶಿಕ್ಷಕರೇ ಮುಂದಿದ್ದರು. ಅವರು ಸುತ್ತಲಿನ ರಾಜ್ಯಗಳ ಶಾಲೆಗಳನ್ನು ನೋಡಿ ಬಂದು ಸಿದ್ಧಪಡಿಸಿದ ವರದಿ 1966ರಲ್ಲಿ ಪ್ರಕಟವಾಯಿತು. 1968ರಲ್ಲಿ ದ್ವಿಭಾಷಾ ಶಿಕ್ಷಣ ಕಾಯ್ದೆ ಬಂದುದರ ಹಿಂದೆ ಆ ವರದಿಯೂ ಇತ್ತು. ಕಾಯ್ದೆ ಬರುವ ಹೊತ್ತಿಗೆ ಲಿಂಡಾ ಶಾಲೆ ಮುಗಿಸಿಯಾಗಿತ್ತು.

ನನ್ನ ತರಗತಿಯಲ್ಲಿ ಕಾಯ್ದೆಯ ಅಡ್ಡಿಯೇನೂ ಇರಲಿಲ್ಲ. ನಾನೇ ಕೇಳಿರಲಿಲ್ಲ, ಅಷ್ಟೆ. ಮುಂದಿನ ಪಾಠದಲ್ಲಿ ಆ ಹುಡುಗಿಗೆ ಸ್ಟೀಲ್ ತಟ್ಟೆ ಬಡಿದು ಅಂಚು ಮುಟ್ಟಿ ನೋಡಲು ಹೇಳಿದೆ. ಬೆರಳಿಗೆ ತಿಳಿದದ್ದನ್ನು ಪಕ್ಕದ ಗೆಳತಿಗೆ ಲಂಬಾಣಿಯಲ್ಲೇ ವಿವರಿಸಿದಳು, ಕೈ ಅದುರಿಸಿ ತೋರಿಸಿದಳು. ಆಮೇಲೆ ಇಬ್ಬರೂ ಸೇರಿ ಕನ್ನಡದಲ್ಲಿ ಹೇಳಿದರು. ವ್ಯಾಖ್ಯೆಯ ಒಂದು ಪದವೂ ಅದರಲ್ಲಿರಲಿಲ್ಲ, ಆದರೆ ವಿಷಯ ಸರಿಯಾಗಿತ್ತು. ಇದಕ್ಕೆ ಹನ್ನೆರಡು ನಿಮಿಷ ಹಿಡಿಯಿತು. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ‘ಸಮಯಪಾಲನೆ ಸಾಲದು’ ಎಂದು ಬರೆದಿದ್ದಾರೆ.