ಸನ್‌ಸ್ಕ್ರೀನ್ ಎಳೆ ಎಳೆಯಾಗಿ ಏಳುತ್ತಿದೆಯೇ? ಅದರ ಕೆಳಗೆ ಏನು ಹಚ್ಚಿದ್ದೀರಿ, ನೋಡಿಕೊಳ್ಳಿ

ಬೆಳಿಗ್ಗೆ ಮುಖ ತೊಳೆದು ಸೀರಮ್ ಹಚ್ಚುತ್ತೀರಿ, ಅದರ ಮೇಲೆ ಮಾಯಿಶ್ಚರೈಸರ್, ಕೊನೆಗೆ ಸನ್‌ಸ್ಕ್ರೀನ್. ಎರಡು ಸಲ ಸವರುವಷ್ಟರಲ್ಲಿ, ರಬ್ಬರ್‌ನಿಂದ ಪೆನ್ಸಿಲ್ ಗೆರೆ ಅಳಿಸಿದಾಗ ಉದುರುವಂಥ ಬಿಳಿ ಎಳೆಗಳು ಕೆನ್ನೆಯ ಮೇಲೆ ಏಳುತ್ತವೆ. ಕೋಲ್ಕತ್ತದಂಥ ಸೆಕೆಯ ಊರಿನಲ್ಲಾದರೆ ಉಳಿದದ್ದೂ ಬಸ್ಸು ಹತ್ತುವ ಮೊದಲೇ ಬೆವರಿನ ಜೊತೆ ಇಳಿಯುತ್ತದೆ. ಹೆಚ್ಚಿನವರು ಸನ್‌ಸ್ಕ್ರೀನನ್ನೇ ದೂರಿ ಹೊಸ ಟ್ಯೂಬ್ ಕೊಳ್ಳುತ್ತಾರೆ. ಆದರೆ ಎಷ್ಟೋ ಸಲ ತೊಂದರೆ ಇರುವುದು ಅದರ ಕೆಳಗಿನ ಪದರಗಳಲ್ಲಿ.

ಇದು ಕೇವಲ ಅಂದದ ಪ್ರಶ್ನೆಯೇ?

ಅಲ್ಲ. ಸನ್‌ಸ್ಕ್ರೀನ್ ಕೆಲಸ ಮಾಡುವುದು ಚರ್ಮದ ಮೇಲೆ ಸಮನಾಗಿ ಹರಡಿದ ತೆಳುವಾದ ಪೊರೆಯಾಗಿ. ಡಬ್ಬಿಯ ಮೇಲೆ ಬರೆದಿರುವ ಎಸ್‌ಪಿಎಫ್ ಅಂಕಿಯನ್ನು ಪ್ರಯೋಗಾಲಯದಲ್ಲಿ ಅಳೆಯುವಾಗ ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚುತ್ತಾರೆ. ನಾವು ಸಾಮಾನ್ಯವಾಗಿ ಹಚ್ಚುವುದು ಅದರ ಅರ್ಧ, ಕೆಲವೊಮ್ಮೆ ಕಾಲು ಭಾಗ. ಅದರಲ್ಲೂ ಎಳೆ ಎದ್ದು ಉದುರಿದರೆ ಪೊರೆಯಲ್ಲಿ ಅಲ್ಲಲ್ಲಿ ತೂತು ಬಿದ್ದಂತೆ. ಹಚ್ಚಿಕೊಂಡಿದ್ದೇನೆ ಎಂಬ ನೆಮ್ಮದಿ ನಿಮಗಿರುತ್ತದೆ, ರಕ್ಷಣೆ ಇರುವುದಿಲ್ಲ.

ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಬಂಗು ಇರುವವರಿಗೆ, ಮೊಡವೆ ಮಾಸಿ ಕಪ್ಪು ಕಲೆ ಉಳಿದವರಿಗೆ ಇದು ನೇರವಾಗಿ ತಟ್ಟುತ್ತದೆ. ತಿಂಗಳುಗಟ್ಟಲೆ ಔಷಧ ಹಚ್ಚಿ ತಿಳಿಯಾದ ಕಲೆ, ಸರಿಯಾದ ರಕ್ಷಣೆಯಿಲ್ಲದೆ ಬಿಸಿಲಿನಲ್ಲಿ ತಿರುಗಾಡಿದರೆ ಬೇಗನೆ ಮತ್ತೆ ಕಪ್ಪಾಗುತ್ತದೆ.

ಕೋಲ್ಕತ್ತದಲ್ಲಿ ತೊಂದರೆ ಹೆಚ್ಚೇಕೆ?

ಕೋಲ್ಕತ್ತ ಸಮುದ್ರ ಮಟ್ಟದಿಂದ ಹತ್ತು ಮೀಟರಿಗಿಂತಲೂ ಎತ್ತರವಿಲ್ಲದ, ಬಂಗಾಳ ಕೊಲ್ಲಿಯ ತೇವ ತುಂಬಿದ ಊರು. ಕರ್ಕಾಟಕ ಸಂಕ್ರಾಂತಿ ವೃತ್ತ ಅದರ ಉತ್ತರಕ್ಕೆ ಸ್ವಲ್ಪ ದೂರದಲ್ಲೇ ಹಾದುಹೋಗುತ್ತದೆ. ಹಾಗಾಗಿ ಜೂನ್ ತಿಂಗಳ ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಮೋಡ ಮುಸುಕಿದ್ದರೂ ಅತಿನೇರಳೆ ಕಿರಣಗಳ ಒಂದು ಪಾಲು ಕೆಳಗೆ ಇಳಿಯುತ್ತದೆ.

ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಬೆವರು ಆರುವುದಿಲ್ಲ, ನಾವು ಹಚ್ಚಿದ ಸೀರಮ್, ಕ್ರೀಮಿನಲ್ಲಿರುವ ನೀರೂ ಬೇಗ ಆರುವುದಿಲ್ಲ. ಒದ್ದೆ ಪದರದ ಮೇಲೆ ಇನ್ನೊಂದು ಪದರ ಕೂರುವುದಿಲ್ಲ. ಗೋಡೆಗೆ ಸುಣ್ಣ ಬಳಿಯುವವರು ಮೊದಲ ಕೈ ಒಣಗುವ ಮುನ್ನ ಎರಡನೇ ಕೈ ಬಳಿಯುವುದಿಲ್ಲ, ಬಳಿದರೆ ಕೆಳಗಿನದೂ ಎದ್ದು ಬರುತ್ತದೆ. ಮುಖದ ಮೇಲೂ ಆಗುವುದು ಅದೇ.

ಕೆಲಸಕ್ಕೆಂದು ಬೆಂಗಳೂರಿನಿಂದಲೋ ಧಾರವಾಡದಿಂದಲೋ ಕೋಲ್ಕತ್ತಕ್ಕೆ ಹೋದವರು ಅಲ್ಲಿ ಹಚ್ಚುತ್ತಿದ್ದ ದಪ್ಪ ಕ್ರೀಮನ್ನೇ ಇಲ್ಲೂ ಮುಂದುವರಿಸಿದರೆ ಮುಖ ಜಿಡ್ಡಾಗುವುದು ಸಹಜ. ಮಂಗಳೂರು, ಉಡುಪಿ, ಕಾರವಾರ, ಕಾಸರಗೋಡಿನ ಓದುಗರಿಗೆ ಈ ಸೆಕೆ ಹೊಸದಲ್ಲ. ಮುಂದೆ ಹೇಳುವ ಕ್ರಮ ಅವರಿಗೂ ಹೊಂದುತ್ತದೆ.

ಎಳೆ ಏಳುವುದು ಯಾವುದರಿಂದ?

ಸಾಮಾನ್ಯ ಕಾರಣಗಳು ನಾಲ್ಕು. ಒಂದು, ಪದರಗಳು ಹೆಚ್ಚಾಗುವುದು. ಎರಡು, ಒಂದು ಆರುವ ಮೊದಲೇ ಇನ್ನೊಂದು ಹಚ್ಚುವುದು. ಮೂರು, ಸೀರಮ್ ಮತ್ತು ಜೆಲ್‌ಗಳನ್ನು ಗಟ್ಟಿ ಮಾಡಲು ಬಳಸುವ ಅಂಟಿನಂಥ ವಸ್ತುಗಳು ಚರ್ಮದೊಳಗೆ ಇಳಿಯದೆ ಮೇಲೆಯೇ ಪೊರೆಯಾಗಿ ಉಳಿದು, ಉಜ್ಜಿದಾಗ ಸುರುಳಿ ಸುತ್ತಿಕೊಳ್ಳುವುದು. ನಾಲ್ಕು, ಸನ್‌ಸ್ಕ್ರೀನನ್ನು ಮಸಾಜ್ ಮಾಡಿದ ಹಾಗೆ ಬಲವಾಗಿ ತಿಕ್ಕುವುದು. ಇವುಗಳಲ್ಲಿ ಯಾವುದೂ ಅಲರ್ಜಿಯ ಲಕ್ಷಣವಲ್ಲ.

ಬೆಳಗಿನ ಸರಳ ಕ್ರಮ

1. ಸೌಮ್ಯ ಫೇಸ್‌ವಾಶ್‌ನಿಂದ ಮುಖ ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ. ನಂತರ ಎರಡು ನಿಮಿಷ ಫ್ಯಾನ್ ಕೆಳಗೆ ಕುಳಿತರೆ ಬೆವರೂ ಆರುತ್ತದೆ.

2. ವೈದ್ಯರು ಬೆಳಿಗ್ಗೆ ಹಚ್ಚಲು ಕೊಟ್ಟ ಔಷಧವಿದ್ದರೆ ಅದು ಮೊದಲು. ಇಲ್ಲದಿದ್ದರೆ ನೀರಿನಂತೆ ತೆಳುವಾದ ಒಂದೇ ಒಂದು ಸೀರಮ್ ಸಾಕು. ವಿಟಮಿನ್ ಸಿ ಬೆಳಿಗ್ಗೆಗೆ ಹೊಂದುತ್ತದೆ. ರೆಟಿನಾಲ್, ಅಡಾಪಲೀನ್, ಗ್ಲೈಕಾಲಿಕ್ ಆಮ್ಲದಂಥವು ರಾತ್ರಿಗಿರಲಿ.

3. ಚರ್ಮ ಒಣಗಿದ್ದರೆ ಮಾತ್ರ ಮಾಯಿಶ್ಚರೈಸರ್, ಅದೂ ಕಡಲೆ ಕಾಳಿನಷ್ಟು. ಎಣ್ಣೆ ಚರ್ಮದವರು ಸೆಕೆಗಾಲದಲ್ಲಿ ಇದನ್ನು ಬಿಟ್ಟರೂ ನಡೆಯುತ್ತದೆ, ಏಕೆಂದರೆ ಬಹುತೇಕ ಸನ್‌ಸ್ಕ್ರೀನ್‌ಗಳಲ್ಲೇ ಚರ್ಮವನ್ನು ಮೆದುವಾಗಿಡುವ ಅಂಶವಿರುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಮತ್ತೆ ಸೇರಿಸಿಕೊಳ್ಳಿ.

4. ಪ್ರತಿ ಪದರದ ನಂತರ ಬೆರಳಿನ ಹಿಂಭಾಗದಿಂದ ಕೆನ್ನೆ ಮುಟ್ಟಿ ನೋಡಿ. ಒದ್ದೆಯಾಗಿ ಅಂಟಿದರೆ ಇನ್ನೂ ಒಂದೆರಡು ನಿಮಿಷ ಕಾಯಿರಿ.

5. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಹೆಚ್ಚಿನದಿರಲಿ, ಯುವಿಎ ಕಿರಣಗಳಿಂದಲೂ ಕಾಯುವುದಾಗಿರಲಿ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಒಂದೊಂದು ಗೆರೆ ಎಳೆದರೆ ಮುಖ, ಕುತ್ತಿಗೆಗೆ ಸರಿಹೋಗುತ್ತದೆ. ಒಮ್ಮೆಗೇ ಬೇಡ. ಒಂದು ಗೆರೆಯಷ್ಟನ್ನು ಚುಕ್ಕಿಗಳಾಗಿ ಇಟ್ಟು ಒಂದೇ ದಿಕ್ಕಿನಲ್ಲಿ ಸವರಿ, ಆರಿದ ಮೇಲೆ ಇನ್ನೊಂದು. ಕಿವಿಯ ತುದಿ, ಕತ್ತಿನ ಹಿಂಭಾಗ ಮರೆಯಬೇಡಿ.

6. ಪೌಡರ್, ಮೇಕಪ್ ಇದಾದ ಮೇಲೆ. ಫೌಂಡೇಶನ್ ಅಥವಾ ಕ್ರೀಮನ್ನು ಸನ್‌ಸ್ಕ್ರೀನ್ ಜೊತೆ ಅಂಗೈಯಲ್ಲಿ ಕಲಸಿ ಹಚ್ಚಬೇಡಿ, ಪೊರೆ ತೆಳುವಾಗಿ ರಕ್ಷಣೆ ತಗ್ಗುತ್ತದೆ.

ಬಂಗು ಇರುವವರಿಗೆ ಒಂದು ಮಾತು: ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಗಾಢವಾಗಿಸಬಲ್ಲದು. ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಇದನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತದೆ.

ಬೋರೋಲಿನ್, ಸಾಸಿವೆ ಎಣ್ಣೆಯ ಮೇಲೆ ಹಚ್ಚಬಹುದೇ?

ಬೋರೋಲಿನ್ ಹುಟ್ಟಿದ್ದು ಕೋಲ್ಕತ್ತದಲ್ಲೇ, 1929ರಲ್ಲಿ. ಆ ಹಸಿರು ಟ್ಯೂಬ್ ಇಲ್ಲದ ಬಂಗಾಳಿ ಮನೆ ವಿರಳ. ಅದರಲ್ಲಿ ಜಿಂಕ್ ಆಕ್ಸೈಡ್ ಇದೆಯೆಂದು ಕೆಲವರು ಅದನ್ನೇ ಸನ್‌ಸ್ಕ್ರೀನ್ ಎಂದುಕೊಳ್ಳುತ್ತಾರೆ. ಅದು ಒಡೆದ ತುಟಿ, ಬಿರಿದ ಹಿಮ್ಮಡಿ, ತರಚು ಗಾಯಕ್ಕೆ ಬಳಸುವ ಮುಲಾಮು, ಬಿಸಿಲು ತಡೆಯುವ ಲೆಕ್ಕದಲ್ಲಿ ಮಾಡಿದ್ದಲ್ಲ. ಲ್ಯಾನೋಲಿನ್‌ನಂಥ ಜಿಡ್ಡು ಇರುವುದರಿಂದ ಅದರ ಮೇಲೆ ಸನ್‌ಸ್ಕ್ರೀನ್ ಜಾರುತ್ತದೆ. ಸ್ನಾನಕ್ಕೆ ಮೊದಲು ಹಚ್ಚುವ ಸಾಸಿವೆ ಎಣ್ಣೆ, ನಮ್ಮ ಕಡೆಯ ಕೊಬ್ಬರಿ ಎಣ್ಣೆಗೂ ಇದೇ ಮಾತು. ಎಣ್ಣೆ ಹಚ್ಚುವ ರೂಢಿ ಇದ್ದರೆ ಮುಖವನ್ನು ಚೆನ್ನಾಗಿ ತೊಳೆದ ಮೇಲೆ ಸನ್‌ಸ್ಕ್ರೀನ್ ಹಚ್ಚಿ, ಅಥವಾ ಎಣ್ಣೆಯನ್ನು ರಾತ್ರಿಗೆ ಇಟ್ಟುಕೊಳ್ಳಿ.

ಕೆಳಗಿನ ಪದರ ‘ಬಿಳುಪಿನ ಕ್ರೀಮ್’ ಆಗಿದ್ದರೆ

ಎಲ್ಲಕ್ಕಿಂತ ಅಪಾಯದ ಪದರ ಇದು. ಔಷಧ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಂಡು, ಗೆಳತಿಯೋ ಪಾರ್ಲರಿನವರೋ ಹೇಳಿದರೆಂದು ಹಚ್ಚುವ ಎಷ್ಟೋ ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ಕೆಲವು ವಾರ ಮುಖ ಬೆಳ್ಳಗೆ, ನುಣುಪಾಗಿ ಕಾಣುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ ಕೆಂಪು ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆ, ಕೂದಲು ಹೆಚ್ಚುತ್ತವೆ, ಬಿಸಿಲು ತಾಗಿದರೆ ಉರಿಯುತ್ತದೆ. ಬಿಟ್ಟರೆ ಮುಖ ಕೆಂಪೇರಿ ತುರಿಸುವುದರಿಂದ ಜನ ಮತ್ತೆ ಅದನ್ನೇ ಹಚ್ಚುತ್ತಾರೆ.

ಈ ಚಕ್ರವನ್ನು ಒಂದು ಕಾಯಿಲೆಯಾಗಿ ಗುರುತಿಸುವ ಕೆಲಸದಲ್ಲಿ ಕೋಲ್ಕತ್ತದ ಚರ್ಮವೈದ್ಯರ ಪಾಲು ದೊಡ್ಡದು. ಡಾ. ಕೌಶಿಕ್ ಲಾಹಿರಿ ಮತ್ತು ಡಾ. ಅರಿಜಿತ್ ಕೂಂಡೂ ಸ್ಟೀರಾಯ್ಡ್‌ನಿಂದ ಹಾಳಾದ, ಅದಕ್ಕೇ ದಾಸವಾದ ಮುಖದ ಬಗ್ಗೆ 2016ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಡರ್ಮಟಾಲಜಿ’ಯಲ್ಲಿ ವಿವರವಾಗಿ ಬರೆದರು. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರದಂತೆ ನಿಯಮ ಬಿಗಿ ಮಾಡಿತು.

ನಿಮ್ಮ ಕ್ರೀಮಿನ ಟ್ಯೂಬ್ ತಿರುಗಿಸಿ ಓದಿ. ಬೀಟಾಮೆಥಸೋನ್, ಮೊಮೆಟಾಸೋನ್, ಕ್ಲೋಬೆಟಸಾಲ್, ಫ್ಲೂಸಿನೊಲೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್. ಇಂಥದ್ದನ್ನು ದಿನವೂ ಹಚ್ಚಿ ಮೇಲೆ ಸನ್‌ಸ್ಕ್ರೀನ್ ಬಳಿದರೆ ಹಾನಿ ನಿಲ್ಲುವುದಿಲ್ಲ. ಬಹಳ ದಿನ ಬಳಸಿದ್ದರೆ ತಟ್ಟನೆ ನಿಲ್ಲಿಸಿ ಒಬ್ಬರೇ ಒದ್ದಾಡುವುದೂ ಬೇಡ, ಚರ್ಮವೈದ್ಯರನ್ನು ಕಂಡು ಅವರು ಹೇಳಿದಂತೆ ಬಿಡಿ.

ಬೆವರು ಬಂದ ಮೇಲೆ ಏನು ಮಾಡುವುದು?

ಹೊರಗಿದ್ದರೆ ಎರಡು ಗಂಟೆಗೊಮ್ಮೆ, ತುಂಬಾ ಬೆವರಿದರೆ ಇನ್ನೂ ಬೇಗ ಮತ್ತೆ ಹಚ್ಚಬೇಕು. ಹತ್ತಿಯ ಕರವಸ್ತ್ರದಿಂದ ಬೆವರನ್ನು ಒತ್ತಿ ತೆಗೆಯಿರಿ, ಉಜ್ಜಬೇಡಿ. ಸೀರಮ್‌ನಿಂದ ಮತ್ತೆ ಆರಂಭಿಸಬೇಕಿಲ್ಲ, ಸನ್‌ಸ್ಕ್ರೀನ್ ಮಾತ್ರ ಸಾಕು. ಕೊಡೆ, ಟೋಪಿ, ದುಪಟ್ಟಾ ಬೆವರಿಗೆ ಕರಗಿ ಇಳಿಯುವುದಿಲ್ಲ. ಹಾಗಾಗಿ ಅವನ್ನೂ ಬಳಸಿ.

ಮಳೆಗಾಲದಲ್ಲಿ ಡೆಂಗಿ ಭಯಕ್ಕೆ ಸೊಳ್ಳೆ ನಿರೋಧಕ ಹಚ್ಚುವವರು ಸನ್‌ಸ್ಕ್ರೀನ್ ಮೊದಲು, ಅದು ಆರಿದ ಮೇಲೆ ಸೊಳ್ಳೆ ಮುಲಾಮು ಎಂಬ ಕ್ರಮ ಪಾಲಿಸಿ. ಡೀಟ್ ಇರುವ ಮುಲಾಮು ಎಸ್‌ಪಿಎಫ್ ಅನ್ನು ತಗ್ಗಿಸುವುದರಿಂದ ನೆರಳನ್ನೂ ಹುಡುಕಿಕೊಳ್ಳಿ. ಆರು ತಿಂಗಳೊಳಗಿನ ಕೂಸುಗಳಿಗೆ ಸನ್‌ಸ್ಕ್ರೀನ್ ಬದಲು ನೆರಳು, ಬಟ್ಟೆಯೇ ರಕ್ಷಣೆ.

ಉರಿ, ಊತ, ಗುಳ್ಳೆ ಕಂಡರೆ, ಅಥವಾ ಕ್ರಮ ಸರಿಪಡಿಸಿದರೂ ಕಲೆ ಹಬ್ಬುತ್ತಲೇ ಇದ್ದರೆ ವೈದ್ಯರನ್ನು ಕಾಣಿ. ಹೋಗುವಾಗ ಮುಖಕ್ಕೆ ಹಚ್ಚುವ ಎಲ್ಲ ಟ್ಯೂಬ್, ಬಾಟಲಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಉಳಿದವರು ನಾಳೆ ಬೆಳಿಗ್ಗೆ ಒಂದು ಪದರ ಕಡಿಮೆ ಮಾಡಿ, ಎರಡು ನಿಮಿಷ ಹೆಚ್ಚು ಕಾದು ನೋಡಿ. ಹೊಸ ಟ್ಯೂಬ್ ಕೊಳ್ಳುವ ಖರ್ಚು ಉಳಿದೀತು.