ಚಾರ್ಜ್ ಆಗುತ್ತದೆ, ಡೇಟಾ ಹೋಗುವುದಿಲ್ಲ

ಅಂಬರನಾಥ ಪೂರ್ವದ ಆನಂದನಗರ ಎಂಐಡಿಸಿಯ ಒಂದು ಗೋದಾಮಿನಲ್ಲಿ ಪಾಳಿ ಉಸ್ತುವಾರಿ ನೋಡಿಕೊಳ್ಳುವ ಓದುಗರೊಬ್ಬರು ಪ್ರಶ್ನೆ ಕಳಿಸಿದ್ದಾರೆ. ಅವರಲ್ಲಿ ಮಾಲಿನ ಬಾರ್‌ಕೋಡ್ ಓದುವ ಕೈಯಂತ್ರಗಳಿವೆ. ಪಾಳಿ ಮುಗಿದಾಗ ಹುಡುಗರು ಅವನ್ನು ಗೋಡೆಬದಿಯ ಕ್ರೇಡಲ್‌ನ ಗೂಡುಗಳಲ್ಲಿ ಊರಿ ಮನೆಗೆ ಹೋಗುತ್ತಾರೆ. ಈಚೆಗೆ ನೆಟ್‌ವರ್ಕ್ ತಂತಿ ಸಿಕ್ಕಿಸುವ ಹೊಸ ಕ್ರೇಡಲ್ ಬಂದಿದೆ. "ನಾಲ್ಕೂ ಗೂಡಿನಲ್ಲಿ ಚಾರ್ಜ್ ಆಗುತ್ತದೆ. ಆದರೆ ಎರಡರಲ್ಲಿ ಡೇಟಾ ಹೋಗುವುದಿಲ್ಲ. ಕರೆಂಟು ಬರುತ್ತಿದೆ ಎಂದಮೇಲೆ ಸಂಪರ್ಕ ಸರಿಯಿದೆ ಎಂದೇ ಅಲ್ಲವೆ?" ಎಂಬುದು ಅವರ ಪ್ರಶ್ನೆ.

ಅಲ್ಲ. ಕರೆಂಟು ಹರಿಯುವುದು ಬೇರೆ, ಸುದ್ದಿ ಹರಿಯುವುದು ಬೇರೆ. ಒಂದೇ ಗೂಡಿನ ತಳದಲ್ಲಿ ಅಕ್ಕಪಕ್ಕ ನಿಂತ ಪಿನ್ನುಗಳಲ್ಲಿ ಒಂದು ದುಡಿದು ಇನ್ನೊಂದು ಕೈಕೊಡುವುದು ಹೇಗೆ ಎಂಬುದು, ನನ್ನ ಪ್ರಕಾರ, ಇಡೀ ಎಲೆಕ್ಟ್ರಾನಿಕ್ಸ್‌ನಲ್ಲೇ ಬಲು ಸೊಗಸಾದ ಸಂಗತಿ. ಸೆಟ್ಟಿಂಗ್‌ಗಳ ಕತೆ ಸ್ವಲ್ಪ ಕಾಯಲಿ.

ಈ ಕೈಯಂತ್ರಗಳ ಕುಲ ದೊಡ್ಡದು. ಬಸ್ ಕಂಡಕ್ಟರರ ಟಿಕೆಟ್ ಯಂತ್ರ, ಕರ್ನಾಟಕದಲ್ಲಿ ಮನೆಬಾಗಿಲಿಗೇ ಬಂದು ಕರೆಂಟು ಬಿಲ್ಲು ಹರಿದುಕೊಡುವ ಮೀಟರ್ ರೀಡರ್‌ಗಳ ಯಂತ್ರ, ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಟಿಟಿಇಗಳ ಎಚ್‌ಎಚ್‌ಟಿ ಯಂತ್ರ, ಭಿವಂಡಿ ಗೋದಾಮುಗಳ ಸ್ಕ್ಯಾನರ್, ಎಲ್ಲವೂ ದಾಯಾದಿಗಳೇ. ಹಗಲೆಲ್ಲ ಅಲೆದು ಬಂದ ಯಂತ್ರ ಒಂದು ಕಡೆ ಕೂತು ಹೊಟ್ಟೆ ತುಂಬಿಸಿಕೊಳ್ಳಬೇಕು, ಹಾಗೆಯೇ ವರದಿಯನ್ನೂ ಒಪ್ಪಿಸಬೇಕು. ಪೀಠದಲ್ಲಿ ಕೂತು ವರದಿ ಒಪ್ಪಿಸುವುದನ್ನು ಮನೆಮಾತಾಗಿಸಿದ್ದು 1996ರಲ್ಲಿ ಬಂದ ಪಾಮ್ ಕಂಪನಿಯ ಪೈಲಟ್ ಎಂಬ ಕೈಡೈರಿ. ಅದನ್ನು ಕ್ರೇಡಲ್‌ನಲ್ಲಿ ಕೂರಿಸಿ ಒಂದು ಗುಂಡಿ ಒತ್ತಿದರೆ ಡೈರಿಯೂ ಕಂಪ್ಯೂಟರೂ ಲೆಕ್ಕ ತಾಳೆ ಹಾಕಿಕೊಳ್ಳುತ್ತಿದ್ದವು. ಆ ಕ್ರೇಡಲ್‌ನ ತಂತಿ ಮೇಜಿನ ಮೇಲಿದ್ದ ಒಂದೇ ಒಂದು ಕಂಪ್ಯೂಟರಿಗೆ ಹೋಗುತ್ತಿತ್ತು. ನೆಟ್‌ವರ್ಕ್ ಕ್ರೇಡಲ್ ನಡುವಿನ ಆ ಕಂಪ್ಯೂಟರನ್ನು ಕಿತ್ತುಹಾಕಿತು. ಗೂಡಿನಿಂದ ಹೊರಟ ತಂತಿ ಸೀದಾ ಸ್ವಿಚ್‌ಗೆ, ಅಲ್ಲಿಂದ ಸರ್ವರ್‌ಗೆ.

ವೈಫೈ ಇರುವಾಗ ತಂತಿಯ ಹಂಗೇಕೆ ಎಂದು ಯುವ ಓದುಗರು ಕೇಳಬಹುದು. ಒಂದು ಲೆಕ್ಕ ಹಾಕೋಣ. 1 ಗಿಗಾಬೈಟ್‌ನ ಅಪ್‌ಡೇಟ್ 40 ಯಂತ್ರಗಳಿಗೆ ಹೋಗಬೇಕು. ನಾಲ್ಕು ಗೂಡಿನ 10 ಕ್ರೇಡಲ್‌ಗಳಿಗೆ ತಲಾ ಒಂದೊಂದು 100 ಮೆಗಾಬಿಟ್ ತಂತಿ, ಸರ್ವರ್‌ಗೆ 1 ಗಿಗಾಬಿಟ್ ತಂತಿ ಇದ್ದರೆ ಕಾಗದದ ಲೆಕ್ಕದಲ್ಲಿ ಐದೂವರೆ ನಿಮಿಷದೊಳಗೆ ಕೆಲಸ ಮುಗಿಯುತ್ತದೆ. ಅದೇ 40 ಯಂತ್ರಗಳು ಒಂದೇ ವೈಫೈ ಪೆಟ್ಟಿಗೆಯ 100 ಮೆಗಾಬಿಟ್ಟನ್ನು ಹಂಚಿಕೊಂಡರೆ 53 ನಿಮಿಷ ಬೇಕು. ಗೋದಾಮಿನ ಕಬ್ಬಿಣದ ರ‍್ಯಾಕುಗಳು ರೇಡಿಯೊ ಅಲೆಗಳನ್ನು ಅತ್ತಿತ್ತ ಎಸೆದಾಡುವ ರೀತಿ ನೋಡಿದರೆ ಅದೂ ಉದಾರವಾದ ಅಂದಾಜೇ. ತಂತಿ ಉಳಿಸಲೆಂದು ಹತ್ತು ಕ್ರೇಡಲ್‌ಗಳನ್ನೂ ಒಂದರ ಬಾಲಕ್ಕೆ ಇನ್ನೊಂದರಂತೆ ಸಾಲಾಗಿ ಜೋಡಿಸುವವರಿದ್ದಾರೆ. ಆಗ ಎಲ್ಲರ ಪಾಲಿಗೂ ಮೊದಲ ತಂತಿಯೊಂದೇ ದಾರಿಯಾಗಿ ಮತ್ತೆ 53 ನಿಮಿಷಕ್ಕೇ ಬಂದು ನಿಲ್ಲುತ್ತೀರಿ.

ಇನ್ನು ಪಿನ್ನಿನ ವಿಷಯ. ಗೂಡಿನೊಳಗೆ ಟಾರ್ಚ್ ಬಿಟ್ಟು ನೋಡಿ. ತಳದಲ್ಲಿ ಸಣ್ಣ ಹಳದಿ ಮೊಳೆಗಳ ಸಾಲೊಂದು ಕಾಣುತ್ತದೆ. ಬೆರಳಿನಿಂದ ಒತ್ತಿದರೆ ಒಳಗೆ ಸರಿದು ಮತ್ತೆ ಮೇಲೇಳುತ್ತವೆ. ಪ್ರತಿಯೊಂದರ ಒಳಗೂ ಕೂದಲೆಳೆಯಂಥ ಸ್ಪ್ರಿಂಗ್ ಇದೆ. ಇವಕ್ಕೆ ಪೋಗೊ ಪಿನ್ ಎನ್ನುತ್ತಾರೆ. ಕೈಯಂತ್ರದ ಬುಡದಲ್ಲಿ ಇದಕ್ಕೆ ಎದುರಾಗಿ ಚಪ್ಪಟೆ ಬಿಲ್ಲೆಗಳಿರುತ್ತವೆ. ಬಿಲ್ಲೆ ಮೇಲೆ ಪಿನ್ನು ಕೂತರೆ ಸಂಪರ್ಕ. ಕಣ್ಣಿಗೆ ಇಷ್ಟೇ.

ಸ್ವೀಡನ್ನಿನ ರಾಗ್ನಾರ್ ಹೋಲ್ಮ್ ಎಂಬ ಭೌತವಿಜ್ಞಾನಿ ಇಂಥ 'ಇಷ್ಟೇ' ಎನ್ನುವ ಜಾಗಕ್ಕೇ ತಮ್ಮ ಆಯುಷ್ಯ ಸುರಿದರು. ಎಷ್ಟೇ ಪಾಲಿಶ್ ಮಾಡಿದ ಲೋಹವಾದರೂ ಸೂಕ್ಷ್ಮವಾಗಿ ನೋಡಿದರೆ ಉಬ್ಬುತಗ್ಗುಗಳ ರಾಶಿ. ಕೇಂಬ್ರಿಜ್‌ನ ಬೌಡನ್ ಇದಕ್ಕೆ ಕೊಟ್ಟ ಹೋಲಿಕೆಯನ್ನು ನಮ್ಮ ಸೀಮೆಗೆ ತಂದು ಹೇಳುವುದಾದರೆ, ಮಾಥೇರಾನ್ ಬೆಟ್ಟವನ್ನು ಬುಡಮೇಲು ಮಾಡಿ ಮಲಂಗಗಡ ಬೆಟ್ಟದ ಮೇಲೆ ಇಟ್ಟ ಹಾಗೆ. ಶಿಖರಕ್ಕೆ ಶಿಖರ ತಾಗಿದ ಕೆಲವೇ ಚುಕ್ಕಿಗಳಲ್ಲಿ ನಿಜವಾದ ಮುಟ್ಟುವಿಕೆ, ಉಳಿದದ್ದೆಲ್ಲ ಗಾಳಿ. ನೀವು ಕಾಣುವ ಬಿಲ್ಲೆಯ ಅಗಲ ಎಷ್ಟೇ ಇರಲಿ, ಕರೆಂಟೆಲ್ಲ ಆ ಕೆಲವು ಚುಕ್ಕಿಗಳಲ್ಲಿ ನುಸುಳಿ ದಾಟಬೇಕು. ಆ ಚುಕ್ಕಿಗಳ ಮೇಲೆ ಬೆವರಿನದೋ ಧೂಳಿನದೋ ತುಕ್ಕಿನದೋ ಪೊರೆ ಕಟ್ಟಿತೆನ್ನಿ, ಆಗ ಏನಾಗುತ್ತದೆ?

ಚಾರ್ಜ್ ಮಾಡುವ ಪಿನ್ನಿನ ಹಿಂದೆ ಹಲವು ವೋಲ್ಟ್‌ಗಳ ಒತ್ತಡವಿದೆ. ತೆಳುವಾದ ಪೊರೆಯಾದರೆ ಆ ಒತ್ತಡವೇ ಅದನ್ನು ತೂತು ಮಾಡಿಕೊಂಡು ದಾಟುತ್ತದೆ. ಪೂರ್ತಿ ದಾಟದಿದ್ದರೂ ನಷ್ಟವೇನಿಲ್ಲ, ಚಾರ್ಜ್ ತುಸು ನಿಧಾನವಾದೀತು, ಹಸಿರು ದೀಪ ಬೆಳಿಗ್ಗೆಯೊಳಗೆ ಹೇಗೂ ಬರುತ್ತದೆ. ಸುದ್ದಿಯ ಪಿನ್ನಿಗೆ ಅಂಥ ತೋಳ್ಬಲವಿಲ್ಲ. ಇಂದಿನ ಬಹುಪಾಲು ಯಂತ್ರಗಳು ಕ್ರೇಡಲ್ ಜೊತೆ ಮಾತಾಡುವುದು ಯುಎಸ್‌ಬಿ ಭಾಷೆಯಲ್ಲಿ. ಅದರ 2.0 ಆವೃತ್ತಿಯ ವೇಗದ ಸಂಕೇತ ವೋಲ್ಟಿನ ಹತ್ತರಲ್ಲಿ ನಾಲ್ಕು ಪಾಲು ಮಾತ್ರ, ಅದೂ ಸೆಕೆಂಡಿಗೆ 48 ಕೋಟಿ ಬಿಟ್ ವೇಗದಲ್ಲಿ. ಪೊರೆ ಹರಿಯುವ ಶಕ್ತಿ ಅದಕ್ಕೆಲ್ಲಿಂದ ಬರಬೇಕು? ಒಂದು ಪಿನ್ನಿನಲ್ಲಿ ಅಡ್ಡಿ ಹೆಚ್ಚಾದರೂ ಅಲೆಯ ಆಕಾರ ಕೆಡುತ್ತದೆ, ಸೊನ್ನೆ ಯಾವುದು ಒಂದು ಯಾವುದು ತಿಳಿಯದೆ ಎರಡೂ ಕಡೆಯವರು ಕೈಚೆಲ್ಲುತ್ತಾರೆ. ಚಾರ್ಜ್ ಆಗುತ್ತಲೇ ಇರುತ್ತದೆ, ಡೇಟಾ ಮಾತ್ರ ಇಲ್ಲ!

ಅದಕ್ಕೇ ಪಿನ್ನಿಗೆ ಚಿನ್ನ. ಹೌದು, ನಿಜವಾದ ಚಿನ್ನ, ಗಟ್ಟಿಯಾಗಲೆಂದು ಚಿಟಿಕೆ ಕೋಬಾಲ್ಟ್ ಅಥವಾ ನಿಕಲ್ ಬೆರೆಸಿದ್ದು. ಚಿನ್ನಕ್ಕೆ ಗಾಳಿಯ ಆಮ್ಲಜನಕವೂ ಬೇಡ, ಗಂಧಕವೂ ಬೇಡ. ಬೆಳ್ಳಿಗೆ ಆ ವೈರಾಗ್ಯವಿಲ್ಲ, ತಾಮ್ರಕ್ಕಂತೂ ಮೊದಲೇ ಇಲ್ಲ. ಅಂಬರನಾಥದಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ವಾಲಧುನಿ ನದಿಯ ಬದಿಯಲ್ಲಿ ಮೂಗು ಮುಚ್ಚಿಕೊಂಡು ನಡೆದವರಿಗೆ ಕೊಳೆತ ಮೊಟ್ಟೆಯ ವಾಸನೆಯ ಪರಿಚಯವಿರುತ್ತದೆ. ಆ ವಾಸನೆಯ ಅನಿಲ ಹೈಡ್ರೋಜನ್ ಸಲ್ಫೈಡ್. ದೇವರ ಮನೆಯ ಬೆಳ್ಳಿ ದೀಪವನ್ನು ಕಪ್ಪಾಗಿಸುವುದೂ ಇಂಥದೇ ಗಂಧಕದ ಅನಿಲ. ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿಯ ಬುಡದ ಮಳೆಗಾಲದ ತೇವ. ಇಂಥ ಗಾಳಿಯಲ್ಲಿ ತಾಮ್ರದ ಪಿನ್ನು ಬರಿಮೈಯಲ್ಲಿ ನಿಂತರೆ ಬೇಗನೆ ಕಪ್ಪು ಹಿಡಿಯುತ್ತದೆ.

ಆದರೆ ಆ ಚಿನ್ನ ಎಷ್ಟು ತೆಳು ಗೊತ್ತೆ? ಅರ್ಧ ಮೈಕ್ರಾನ್ ಎಂದು ಹಿಡಿಯಿರಿ, ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲಿನಷ್ಟು. ಆ ದಪ್ಪಕ್ಕೆ ಬಳಿದರೆ ಒಂದು ಗ್ರಾಂ ಚಿನ್ನ ಸುಮಾರು 1000 ಚದರ ಸೆಂಟಿಮೀಟರ್ ಜಾಗ ಮುಚ್ಚುತ್ತದೆ. ಅದರ ಕೆಳಗೆ ನಿಕಲ್‌ನ ಒಂದು ಪದರ. ಅದಿಲ್ಲದಿದ್ದರೆ ತಾಮ್ರದ ಪರಮಾಣುಗಳು ಮೆಲ್ಲಗೆ ಚಿನ್ನದೊಳಕ್ಕೆ ತೂರಿ ಮೇಲೆ ಬಂದು ಕಪ್ಪಾಗುತ್ತವೆ.

ಇಲ್ಲಿ ನನಗೆ ಸಿಟ್ಟು ಬರುವ ಜಾಗವೊಂದಿದೆ. ಪಿನ್ನು ಕೈಕೊಟ್ಟಿತೆಂದು ಪಾಲಿಶ್ ಪೇಪರ್ ತಂದು ಗಸಗಸ ಉಜ್ಜುವ ಮಹನೀಯರು ಪ್ರತಿ ಗೋದಾಮಿನಲ್ಲೂ ಇದ್ದಾರೆ. ಉಜ್ಜಿದ ಕೂಡಲೇ ಡೇಟಾ ಹೋಗುತ್ತದೆ, ಹುಡುಗರು ಅಣ್ಣನ ಕೈಗುಣ ಎಂದು ಹೊಗಳುತ್ತಾರೆ. ಅರ್ಧ ಮೈಕ್ರಾನ್ ಚಿನ್ನ ಆ ಕಾಗದದ ಎರಡು ಎಳೆತಕ್ಕೆ ಸಾಲದು. ಹೊಳೆಯುತ್ತಿರುವುದು ಕೆಳಗಿನ ಲೋಹ. ಒಂದು ಮಳೆಗಾಲ ಕಳೆಯಲಿ, ಆ ಗೂಡು ಮತ್ತೆ ಮೂಕವಾಗುತ್ತದೆ, ಮತ್ತೆ ಉಜ್ಜಬೇಕಾಗುತ್ತದೆ. ಮಕ್ಕಳ ರಬ್ಬರಿನಿಂದ ತಿಕ್ಕುವುದು ಇದರ ತಮ್ಮ: ಸವೆತ ಕಡಿಮೆ, ಉದುರಿದ ಪುಡಿ ಮಾತ್ರ ಗೂಡಿನಲ್ಲೇ. ಸ್ಯಾನಿಟೈಸರ್ ಜೆಲ್ಲೂ ಬೇಡ, ಅದರಲ್ಲಿರುವ ಗ್ಲಿಸರಿನ್ ಒಣಗದೆ ಅಂಟಾಗಿ ಉಳಿದು ಧೂಳನ್ನು ಕರೆಯುತ್ತದೆ. ಬೇಕಾದದ್ದು ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ ಅಥವಾ ಕಡ್ಡಿ, ಮತ್ತು ಪ್ಲಗ್ ಕಿತ್ತಿಟ್ಟ ಕ್ರೇಡಲ್. ಒರೆಸಿ, ಪೂರ್ತಿ ಆರಲು ಬಿಟ್ಟು, ಆಮೇಲೆ ಯಂತ್ರ ಇಡಿ. ಯಂತ್ರದ ಬುಡದ ಬಿಲ್ಲೆಗಳನ್ನೂ ಮರೆಯಬೇಡಿ. ಅಂಗೈ ಬೆವರು ಮೊದಲು ತಲುಪುವುದು ಅಲ್ಲಿಗೇ.

ತಪ್ಪು ಗೂಡಿನದೋ ಯಂತ್ರದ್ದೋ ಎಂದು ತಿಳಿಯಲು ಉಪಕರಣ ಬೇಡ. ಕೆಲಸ ಮಾಡದ ಗೂಡಿನ ಯಂತ್ರವನ್ನು ಕೆಲಸ ಮಾಡುವ ಗೂಡಿಗೆ ಬದಲಾಯಿಸಿ. ರೋಗ ಯಂತ್ರದ ಜೊತೆ ಹೋದರೆ ಯಂತ್ರ ನೋಡಿ, ಗೂಡಿನಲ್ಲೇ ಉಳಿದರೆ ಗೂಡು ನೋಡಿ. ನಾಲ್ಕೂ ಗೂಡು ಒಟ್ಟಿಗೇ ಮೂಕವಾಗಿದ್ದರೆ ಪಿನ್ನನ್ನು ಬಿಟ್ಟು ಸೆಟ್ಟಿಂಗ್‌ಗೆ ಹೋಗಿ.

ಸೆಟ್ಟಿಂಗ್ ಎಂದರೆ ಮುಖ್ಯವಾಗಿ ವಿಳಾಸದ ತಕರಾರು. ನೆಟ್‌ವರ್ಕ್‌ಗೆ ಸೇರುವ ಪ್ರತಿ ಚಿಪ್ಪಿಗೂ 48 ಬಿಟ್‌ನ ಮ್ಯಾಕ್ ವಿಳಾಸ ಇರುತ್ತದೆ. ಮೊದಲ 24 ಬಿಟ್ ತಯಾರಕರ ಗುರುತು, ಅದನ್ನು ಹಂಚುವುದು ಐಇಇಇ ಸಂಸ್ಥೆ. ಒಟ್ಟು ಸಾಧ್ಯತೆಗಳು 281 ಲಕ್ಷ ಕೋಟಿಗೂ ಹೆಚ್ಚು. ಇಲ್ಲಿಯೇ ಹೊಸಬರು ಎಡವುವುದು. ಅನೇಕ ಕ್ರೇಡಲ್‌ಗಳಲ್ಲಿ ಈಥರ್‌ನೆಟ್ ಚಿಪ್ ಇರುವುದು ಕೈಯಂತ್ರದೊಳಗಲ್ಲ, ಗೂಡಿನ ಕೆಳಗೆ. ಹಾಗಾಗಿ ಮೂರನೇ ಗೂಡಿನಲ್ಲಿ ಯಾವ ಯಂತ್ರ ಕೂತರೂ ನೆಟ್‌ವರ್ಕಿನ ಕಣ್ಣಿಗೆ ಅದು ಮೂರನೇ ಗೂಡೇ. ಭದ್ರತೆಗೆಂದು ಕಚೇರಿಯವರು ಕೈಯಂತ್ರಗಳ ವೈಫೈ ಮ್ಯಾಕ್ ವಿಳಾಸಗಳನ್ನು ಪಟ್ಟಿ ಮಾಡಿ ಅವಕ್ಕೆ ಮಾತ್ರ ಬಾಗಿಲು ತೆರೆದಿದ್ದರೆ, ಕ್ರೇಡಲ್‌ನಲ್ಲಿ ಕೂತ ಯಂತ್ರ ಪರಕೀಯ. 2019ರ ಆಂಡ್ರಾಯ್ಡ್ 10ರಿಂದ ವೈಫೈ ವಿಳಾಸವನ್ನೂ ಯಂತ್ರವೇ ಮನಸ್ಸಿಗೆ ಬಂದಂತೆ ಸೃಷ್ಟಿಸಿಕೊಳ್ಳುವ ರೂಢಿ ಬಂದಿದೆ, ಆ ಪಟ್ಟಿ ಹೀಗೆ ಎರಡು ಕಡೆಯಿಂದ ಸುಳ್ಳಾಗುತ್ತದೆ. ಪಟ್ಟಿಗೆ ಗೂಡುಗಳ ವಿಳಾಸ ಸೇರಿಸಿ. ಯಾವ ಯಂತ್ರ ಬಂತು, ಯಾವುದು ಬರಲಿಲ್ಲ ಎಂಬ ಹಾಜರಿಗೆ ಯಂತ್ರದ ಸೀರಿಯಲ್ ನಂಬರನ್ನೇ ನಂಬಿ.

ಐಪಿ ವಿಳಾಸ ಕೊಡುವವನು ಡಿಎಚ್‌ಸಿಪಿ ಸರ್ವರ್. ಸಾಮಾನ್ಯ ಸಣ್ಣ ಜಾಲದಲ್ಲಿ ಅವನ ಬಳಿ ಹಂಚಲು ಇರುವುದು ಹೆಚ್ಚೆಂದರೆ 254. ಪ್ರಿಂಟರ್, ಕ್ಯಾಮೆರಾ, ಸಾಹೇಬರ ಮೊಬೈಲ್ ಎಲ್ಲಕ್ಕೂ ಅದರಲ್ಲೇ ಪಾಲು. ಕೊಟ್ಟ ವಿಳಾಸವನ್ನು ಅವಧಿ ಮುಗಿಯುವವರೆಗೆ ಇನ್ನೊಬ್ಬರಿಗೆ ಕೊಡುವುದಿಲ್ಲ. ಕ್ರೇಡಲ್‌ಗಳಿಗೆ ಬೇರೆಯೇ ಒಂದು ಜಾಲ, ಅಂದರೆ ವಿಲ್ಯಾನ್, ಮಾಡಿಕೊಡಿ ಎಂದು ಐಟಿಯವರನ್ನು ಕೇಳುವುದು ಜಾಣತನ. ಹಳೆಯ ವಿಂಡೋಸ್ ಕೈಯಂತ್ರಗಳಲ್ಲಿ ವಿಳಾಸ 169.254 ಎಂದು ಶುರುವಾಗಿದ್ದರೆ ಅರ್ಥ ಸ್ಪಷ್ಟ: ಪಿನ್ನು ನೆಟ್ಟಗಿದೆ, ಸರ್ವರ್‌ನಿಂದ ಉತ್ತರ ಬರಲಿಲ್ಲ, ಯಂತ್ರ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಈಥರ್‌ನೆಟ್ ಆನ್ ಆಗಿದೆಯೇ ನೋಡಿ. ಅದು ಆಫ್ ಆಗಿದ್ದೂ ಇಡೀ ಕ್ರೇಡಲ್ಲನ್ನು ವಾಪಸು ಕಳಿಸಿದವರಿದ್ದಾರೆ.

ಬ್ಯಾಟರಿಯ ಬಗ್ಗೆ ಒಂದು ಮಾತು. ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗಿಡಬೇಕು, ಹಸಿರು ಬಂದ ಕೂಡಲೇ ಕಿತ್ತಿಡಬೇಕು ಎಂಬ ಶಾಸ್ತ್ರ ನಿಕಲ್-ಕ್ಯಾಡ್ಮಿಯಂ ಕಾಲದ್ದು. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿಗೆ ಅದು ಅನ್ವಯಿಸದು. ತುಂಬಿದ ಮೇಲೆ ನಿಲ್ಲಿಸುವ ಸರ್ಕಿಟ್ ಒಳಗೇ ಇದೆ. ಅದರ ಶತ್ರು ಬಿಸಿ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಮಾಡಿನಡಿ, ಬಿಸಿಲು ಬೀಳುವ ಗೋಡೆಗೆ ಕ್ರೇಡಲ್ ತಗುಲಿಸಿದರೆ ಬ್ಯಾಟರಿ 40, 45 ಡಿಗ್ರಿ ದಾಟಿ, ಚಾರ್ಜೇ ಬೇಡವೆಂದು ದೀಪ ಮಿಣುಕಿಸುತ್ತದೆ. ಅದು ಕೆಟ್ಟಿಲ್ಲ, ತನ್ನನ್ನು ಉಳಿಸಿಕೊಳ್ಳುತ್ತಿದೆ. ಕ್ರೇಡಲ್ಲನ್ನು ನೆರಳಿನ ಗೋಡೆಗೆ ಸರಿಸಿ.

ಕೊನೆಯದಾಗಿ ಆಯುಧಪೂಜೆ. ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಆ ದಿನ ಲೇತ್ ಯಂತ್ರದಿಂದ ಹಿಡಿದು ಸ್ಕ್ಯಾನರ್‌ವರೆಗೆ ಎಲ್ಲಕ್ಕೂ ಅರಿಶಿನ ಕುಂಕುಮ, ನಿಂಬೆಹಣ್ಣು. ಪೂಜೆಗೆ ನನ್ನ ತಕರಾರಿಲ್ಲ, ದುಡಿವ ಯಂತ್ರಕ್ಕೆ ಒಂದು ದಿನದ ಮರ್ಯಾದೆ ಸಲ್ಲಬೇಕಾದದ್ದೇ. ಆದರೆ ಅಸಲಿ ಕುಂಕುಮವೆಂದರೆ ಸುಣ್ಣ ತಾಗಿ ಕೆಂಪಾದ ಅರಿಶಿನ. ಆ ಪುಡಿ ಕರೆಂಟು ಹರಿಸದು, ತೇವ ಹೀರುತ್ತದೆ, ಸ್ಪ್ರಿಂಗಿನ ಸಂದಿಯಲ್ಲಿ ಸೇರಿದರೆ ಪಿನ್ನು ಮೇಲೇಳದು. ನಿಂಬೆರಸ ಆಮ್ಲವೆಂದು ಬೇರೆ ಹೇಳಬೇಕಿಲ್ಲ. ಕುಂಕುಮವನ್ನು ಕ್ರೇಡಲ್‌ನ ಹಣೆಗೆ ಹಚ್ಚಿ, ಗೂಡಿನೊಳಗೆ ಮಾತ್ರ ಬೇಡ. ನಿಂಬೆಹಣ್ಣನ್ನು ಫೋರ್ಕ್‌ಲಿಫ್ಟ್‌ನ ಚಕ್ರಕ್ಕೆ ಬಿಟ್ಟುಬಿಡಿ.